ತೊಂಬತ್ತೇಳು ಬೆರಕೆ

ನನ್ನ ಸೋದರತ್ತೆ ಅಮ್ಮಯಮ್ಮ ಭತ್ತದ ಗದ್ದೆಯನ್ನು ಕಣ್ಣು ಅರ್ಧ ಮುಚ್ಚಿಕೊಂಡು ನೋಡುತ್ತಿದ್ದಳು. ಹೊಸಬರು ಕಂಡರೆ, ಈ ಹೆಂಗಸಿಗೆ ಬದುವಿನ ಮೇಲೆ ನಿಂತಲ್ಲೇ ತೂಕಡಿಕೆ ಬಂದಿದೆ ಅಂದುಕೊಳ್ಳಬೇಕು. "ಪೂರಾ ಕಣ್ಣು ಬಿಟ್ರೆ ಬರೀ ಪೈರು ಕಾಣ್ತದೆ ಕಣೆ. ಅರ್ಧ ಬಿಟ್ರೆ ಬೆರಕೆ ತಾನಾಗೇ ಎದ್ದು ಬರ್ತದೆ," ಎಂದು ಎಷ್ಟೋ ಸಲ ನನಗೆ ಹೇಳಿಕೊಟ್ಟಿದ್ದಾಳೆ. ನಾನೂ ಹಾಗೆ ನಿಂತು ನೋಡಿದೆ. ನನಗೆ ನಿಜವಾಗಿಯೂ ತೂಕಡಿಕೆ ಬಂತು.

ಬೆರಕೆ ಎಂದರೆ ಒಂದು ಜಾತಿಯ ಭತ್ತದ ನಡುವೆ ಕದ್ದು ಬೆಳೆಯುವ ಇನ್ನೊಂದು ಜಾತಿಯ ಪೈರು. ಚಿಕ್ಕದಿದ್ದಾಗ ಎಲ್ಲ ಒಂದೇ ಹಸಿರು, ಯಾರಿಗೂ ಗೊತ್ತಾಗುವುದಿಲ್ಲ. ತೆನೆ ಬಂದ ಮೇಲೆ ದಡ್ಡನಿಗೂ ಗೊತ್ತಾಗುತ್ತದೆ, ಆದರೆ ಅಷ್ಟು ಹೊತ್ತಿಗೆ ಕಾಳು ಕಾಳಿಗೆ ಬೆರೆತು ಮುಂದಿನ ವರ್ಷದ ಬೀಜ ಕೆಟ್ಟಿರುತ್ತದೆ. ಕೀಳುವುದಿದ್ದರೆ ನಡುವೆ ಕೀಳಬೇಕು, ಪೈರು ಹೊಡೆ ಕಟ್ಟುವಾಗ, ತೆನೆ ಇನ್ನೂ ಎಲೆಯ ಮಡಿಲೊಳಗೆ ಮಲಗಿರುವಾಗ. ಆ ಹೊತ್ತಿನಲ್ಲಿ ಎಲೆಯ ನಿಲುವು, ಬುಡದ ಬಿಗಿ, ಹಸಿರಿನ ಒಂದು ಸಣ್ಣ ಹೆಚ್ಚುಕಡಿಮೆ ನೋಡಿ ಇದು ನಮ್ಮದು, ಇದು ಬೆರಕೆ ಎಂದು ಹೇಳುವ ಕಣ್ಣು ನಮ್ಮ ಊರಿನಲ್ಲಿ ಅತ್ತೆಗೊಬ್ಬಳಿಗೇ ಇತ್ತು.

ನಂದಗುಡಿಯಿಂದ ಎರಡು ಹರದಾರಿ ಆಚೆ ನಮ್ಮೂರು. ಹೊಲದಲ್ಲೆಲ್ಲ ರಾಗಿ; ಕೆರೆಯ ಕೆಳಗೆ ಮಾತ್ರ ಒಂದಿಷ್ಟು ಗದ್ದೆ. ಆ ಗದ್ದೆಯಲ್ಲಿ ಹೆಚ್ಚಿನ ಪಾಲು ವೆಂಕಟರಾಯಪ್ಪನವರದು. ಅವರ ಮುತ್ತುಸಣ್ಣ ಭತ್ತದ ಬೀಜಕ್ಕೆ ಹೊಸಕೋಟೆಯಿಂದಲೂ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಸೇರು ಬೀಜ ಸುರಿದು ಹುಡುಕಿದರೂ ಒಂದು ಕೆಂಪು ಕಾಳು ಸಿಗುತ್ತಿರಲಿಲ್ಲ. ಹೆಸರು ವೆಂಕಟರಾಯಪ್ಪನವರದು, ಕಣ್ಣು ನಮ್ಮ ಅತ್ತೆಯದು. ಇದನ್ನು ವೆಂಕಟರಾಯಪ್ಪನವರು ಎಲ್ಲೂ ಬಾಯಿಬಿಟ್ಟು ಹೇಳಲಿಲ್ಲ, ಅದಕ್ಕೇ ನಾನು ಇಲ್ಲಿ ಬರೆಯುತ್ತಿದ್ದೇನೆ.

ಅತ್ತೆಗೆ ಆ ಕಣ್ಣಿನ ಬಗ್ಗೆ ಬಹಳ ಹೆಮ್ಮೆ. ತಪ್ಪಲ್ಲ. ಆದರೆ ಗದ್ದೆಯಲ್ಲಿ ಬಳಸುವ ಮಾತನ್ನು ಅವಳು ಊರೊಳಕ್ಕೂ ತಂದಳು, ತಪ್ಪು ಅದು.

ನಮ್ಮ ಕಡೆ ಅಕ್ಕನ ಮಗಳು ತಮ್ಮನಿಗೆ ಎಂಬುದು ಹುಟ್ಟಿದ ದಿನವೇ ಆದ ತೀರ್ಮಾನ. ಅತ್ತೆ ಗಂಡ ಸತ್ತ ಮೇಲೆ ಮಗಳು ಗಂಗಲಕ್ಷ್ಮಮ್ಮನನ್ನು ಕರೆದುಕೊಂಡು ತವರಿಗೇ ಬಂದಿದ್ದಳು, ತಮ್ಮ ಗೋಪಾಲಪ್ಪನಿಗೆ ಅವಳನ್ನು ಕೊಟ್ಟು ಹಳೆಯ ಮನೆಯಲ್ಲೇ ಎಲ್ಲರೂ ಇರುವುದೆಂದು ಲೆಕ್ಕ ಹಾಕಿಕೊಂಡಿದ್ದಳು. ಗೋಪಾಲಪ್ಪ, ಅಂದರೆ ನಮ್ಮಪ್ಪ, ಕೋಲಾರದ ಆಚೆಗೆ ಎತ್ತು ಕೊಳ್ಳಲು ಹೋದವನು ಎತ್ತು ಬಿಟ್ಟು ಹೆಣ್ಣು ನಿಶ್ಚಯ ಮಾಡಿಕೊಂಡು ಬಂದ. ಅವಳೇ ನಮ್ಮಮ್ಮ ಪಿಳ್ಳಮ್ಮ. ಮನೆಮಾತು ತೆಲುಗು, ಕನ್ನಡ ಅಷ್ಟಕ್ಕಷ್ಟೆ. ಗಂಡನ ಅಕ್ಕನನ್ನು ಅವರ ಕಡೆ ಕರೆಯುವ ಹಾಗೆ 'ವದಿನಾ' ಎಂದು ಕರೆದಳು. ಅತ್ತೆ ಅವಳನ್ನು ತಲೆಯಿಂದ ಕಾಲಿನವರೆಗೆ ಕಣ್ಣು ಅರ್ಧ ಮುಚ್ಚಿ ನೋಡಿ, "ಬೆರಕೆ," ಅಂದಳಂತೆ. ಅಷ್ಟೆ. ಅಪ್ಪ ಆ ವಾರವೇ ಕೆರೆಯ ಕೋಡಿಯ ಆಚೆ ಬದಿ ಒಂದು ಹೆಂಚಿನ ಮನೆ ಕಟ್ಟಲು ಶುರು ಮಾಡಿದ. ಅಕ್ಕ ತಮ್ಮನ ನಡುವೆ ಮಾತು ನಿಂತಿತು. ಗಂಗಲಕ್ಷ್ಮಮ್ಮನಿಗೆ ದಾಬಸ್‌ಪೇಟೆಯ ಕಡೆ ಒಳ್ಳೆಯ ಗಂಡ ಸಿಕ್ಕಿದ, ಅವಳು ಸುಖವಾಗಿಯೇ ಇದ್ದಳು. ಅವಳಿಗಿಲ್ಲದ ಸಿಟ್ಟನ್ನು ಅವಳ ತಾಯಿ ಏಳು ವರ್ಷ ಸಾಕಿದಳು.

ನಾನು ಹುಟ್ಟಿದಾಗಲೂ ಅತ್ತೆ ಬರಲಿಲ್ಲ. ದಾರಿಯಲ್ಲಿ ಅಮ್ಮ ನನ್ನನ್ನು ಸೊಂಟದಲ್ಲಿಟ್ಟುಕೊಂಡು ಎದುರು ಬಂದರೆ ಮುಖ ತಿರುಗಿಸಿಕೊಂಡು ಬದುವಿಗೆ ಇಳಿದುಬಿಡುತ್ತಿದ್ದಳು. "ನೂಲಿನಂತೆ ಸೀರೆ, ತಾಯಿಯಂತೆ ಮಗಳು. ನೋಡೋದೇನದೆ ಅದ್ರಲ್ಲಿ," ಅಂದಿದ್ದಳಂತೆ ಯಾರಿಗೋ. ನನಗೆ ಇದನ್ನು ಬರೆಯುವಾಗಲೂ ಒಂದು ಚೂರು ಸಿಟ್ಟು ಬರುತ್ತದೆ.

ಈಗ ಗದ್ದೆಯ ಮಾತು. ಕೆರೆ ಏರಿಯ ಮೂಲೆಯಲ್ಲಿ ಒಂದು ತಗ್ಗು ಗದ್ದೆ ಇತ್ತು. ಕಾರ್ತಿಕ ಬಂತೆಂದರೆ ಊರಿನ ಮಂಜೆಲ್ಲ ಬಂದು ಅಲ್ಲಿ ಕೂರುತ್ತಿತ್ತು. ಎಲ್ಲ ಕಡೆ ಬಿಸಿಲು ಬಿದ್ದರೂ ಅಲ್ಲಿ ಇನ್ನೂ ಬೆಳಗಾಗಿರುತ್ತಿರಲಿಲ್ಲ. ಕಳೆ ಕೀಳುವ ಹೆಂಗಸರು ಸೊಂಟದ ಮೇಲೆ ಮಾತ್ರ ಕಾಣುತ್ತಿದ್ದರು, ಅವರ ಮಾತು ಹಾಲಿನೊಳಗಿಂದ ಬಂದ ಹಾಗೆ ಮೆತ್ತಗೆ ಬರುತ್ತಿತ್ತು. ನನ್ನ ಮೊಟ್ಟಮೊದಲ ನೆನಪೇ ಆ ಮಂಜು. ನೆನಪೋ, ಕನಸೋ, ಯಾರೋ ಹೇಳಿದ್ದೋ ಇವತ್ತಿಗೂ ಬಿಡಿಸಿ ಹೇಳಲಾರೆ.

ಆ ಗದ್ದೆಗೆ ಬೆಂಕಿ ಗದ್ದೆ ಎಂದು ಹೆಸರು. ಅಲ್ಲಿ ಪ್ರತಿ ವರ್ಷ ಬೆಂಕಿ ರೋಗ ಬೀಳುತ್ತಿತ್ತು. ಮೊದಲು ಎಲೆಯ ಮೇಲೆ ಕಣ್ಣಿನಾಕಾರದ ಮಚ್ಚೆ, ಎರಡೂ ತುದಿ ಚೂಪು, ನಡುವೆ ಬೂದಿ ಬಣ್ಣ. ನಾಲ್ಕು ದಿನದಲ್ಲಿ ಒಂದು ಎಲೆಯಲ್ಲಿ ಹತ್ತು ಕಣ್ಣು. ಎಂಟು ದಿನದಲ್ಲಿ ಗದ್ದೆಗೆ ಯಾರೋ ಕೊಳ್ಳಿ ಇಟ್ಟ ಹಾಗೆ ಸುಟ್ಟು ಕಂದಾಗುತ್ತಿತ್ತು. ಮುತ್ತುಸಣ್ಣವಂತೂ ಬೆಂಕಿ ಎಂದರೆ ಸಾಕು, ತಾನೇ ಹೋಗಿ ಬೀಳುತ್ತಿತ್ತು. ಹಳೆಯ ಕೆಂದೊಡ್ಡಿ ಭತ್ತ ಒಂದಕ್ಕೆ ಮಾತ್ರ ಏನೂ ಆಗುತ್ತಿರಲಿಲ್ಲ. ಆದರೆ ಕೆಂದೊಡ್ಡಿಯ ಅನ್ನ ಗಂಟಲಲ್ಲಿ ಇಳಿಯಲು ಸಾರು ಮಾಡಿದವರು ಪುಣ್ಯ ಮಾಡಿರಬೇಕು.

ಯುದ್ಧ ಆಗ ತಾನೆ ಮುಗಿದಿತ್ತು, ಅಕ್ಕಿಗೆ ಬರ. ಆಗ ಸರ್ಕಾರಿ ಫಾರಮ್ಮಿನಿಂದ ಆದಿನಾರಾಯಣಪ್ಪ ಎಂಬುವರು ಸೈಕಲ್ಲಿನಲ್ಲಿ ಬಂದರು. ದೊಡ್ಡಬಳ್ಳಾಪುರದ ನೇಯ್ಗೆಯವರ ಮನೆಯ ಮಗ. ಸಣ್ಣ ದೇಹ, ದಪ್ಪ ಕನ್ನಡಕ. ವೆಂಕಟರಾಯಪ್ಪನವರ ಹತ್ತಿರ ಬೆಂಕಿ ಗದ್ದೆಯನ್ನು ಗುತ್ತಿಗೆಗೆ ಕೇಳಿದರು. ಯಾಕೆ ಸ್ವಾಮಿ ಆ ದರಿದ್ರದ ತುಂಡು ಎಂದರೆ, ಅಲ್ಲಿ ರೋಗ ಗ್ಯಾರಂಟಿ ಅಲ್ಲವಾ, ಅದಕ್ಕೇ, ಎಂದರು. ಹಿಂಡಿ ಗೊಬ್ಬರ ಒಂದಕ್ಕೆರಡು ಹಾಕಿಸಿ ಪೈರನ್ನು ಕೊಬ್ಬಿಸಿದರು, ಹಿಂದಿನ ವರ್ಷ ಸುಟ್ಟುಹೋದ ಹುಲ್ಲನ್ನೇ ತಂದು ಬದುವಿನ ಸುತ್ತ ಹಾಸಿಸಿದರು. ಎಲ್ಲರೂ ರೋಗ ಹೋಗಲಿ ಎಂದು ಹರಕೆ ಹೊತ್ತರೆ ಇವರು ರೋಗಕ್ಕೆ ಎಲೆ ಹಾಕಿ ಕೂರಿಸುತ್ತಿದ್ದರು. ಊರು ಅವರಿಗೆ ರೋಗದ ಮೇಷ್ಟ್ರು ಎಂದು ಹೆಸರಿಟ್ಟಿತು. ಹಾಗೆ ಕರೆದರೆ ಅವರು ಓ ಅನ್ನುತ್ತಲೂ ಇದ್ದರು.

ನಲವತ್ತಾರರ ಮಳೆಗಾಲದಲ್ಲಿ ಅವರು ಒಂದು ಹಿಡಿ ಬೀಜ ತಂದು ಒಟ್ಲು ಹಾಕಿಸಿ, ಸಸಿ ಎಬ್ಬಿಸಿ, ಸರಿಯಾಗಿ ನಾನೂರು ಪೈರು ನಾಟಿ ಮಾಡಿಸಿದರು. ಬುಡಕ್ಕೆ ಒಂದೊಂದೇ ಪೈರು, ಬುಡದಿಂದ ಬುಡಕ್ಕೆ ಒಂದು ಗೇಣು. ನಾಟಿಗೆ ಅತ್ತೆಯೂ ಇದ್ದಳು. ಮೇಷ್ಟ್ರು ಅವಳ ಕೈ ನೋಡಿ, "ಅಮ್ಮಯಮ್ಮನೋರೇ, ನಮ್ಮ ಫಾರಮ್ಮಲ್ಲಿ ದಾರ ಹಿಡಿದು ನೆಟ್ಟರೂ ಸಾಲು ಇಷ್ಟು ನೆಟ್ಟಗೆ ಬರಲ್ಲ," ಅಂದರು. ಅತ್ತೆ ಸುಮ್ಮನೆ ಇನ್ನೊಂದು ಪೈರು ಊರಿದಳು. ಆದರೆ ಹೊಗಳಿಕೆ ಯಾರಿಗೆ ಬೇಡ, ವೆಂಕಟರಾಯಪ್ಪನವರು ಇಪ್ಪತ್ತು ವರ್ಷದಲ್ಲಿ ಆಡದ ಮಾತು ಅದು.

ಆ ನಾನೂರು ಪೈರು ಏನು, ಯಾಕೆ ಎಂಬುದನ್ನು ಮೇಷ್ಟ್ರು ವೆಂಕಟರಾಯಪ್ಪನವರನ್ನು ಕೂರಿಸಿಕೊಂಡು ಹೇಳಿದ್ದರು; ಯಾರೂ ಅದನ್ನು ಮುಟ್ಟಕೂಡದು ಎಂದೂ ಹೇಳಿದ್ದರು. ವೆಂಕಟರಾಯಪ್ಪನವರು ಅದನ್ನು ನೀರು ಕಟ್ಟುವವನಿಗೆ ಹೇಳಿದರು, ಆಳುಗಳಿಗೆ ಹೇಳಿದರು. ಹೆಂಗಸರಿಗೆ ಹೇಳುವುದೇನಿದೆ ಎಂದು ಬಿಟ್ಟರು. ಗದ್ದೆಗೆ ಇಳಿಯುವವರು ಯಾರು ಎಂಬ ಯೋಚನೆ ಬದುವಿನ ಮೇಲೆ ನಿಲ್ಲುವವರಿಗೆ ಬರುವುದಿಲ್ಲ.

ಕಾರ್ತಿಕದಲ್ಲಿ ಮೇಷ್ಟ್ರಿಗೆ ಚಳಿಜ್ವರ ಬಂತು. ದೊಡ್ಡಬಳ್ಳಾಪುರದ ಮನೆಯಲ್ಲಿ ಹದಿನೈದು ದಿನ ಹಾಸಿಗೆ ಹಿಡಿದರು. ಆ ದಿನಗಳಲ್ಲೇ ಪೈರು ಹೊಡೆ ಕಟ್ಟಿತು. ಒಂದು ಬೆಳಿಗ್ಗೆ ಅತ್ತೆ ಆ ಬದುವಿನ ಮೇಲೆ ಹಾದುಹೋಗುತ್ತಾ ಅಭ್ಯಾಸಬಲದಿಂದ ಕಣ್ಣು ಅರ್ಧ ಮುಚ್ಚಿದಳು. ಮಂಜಿನೊಳಗಿಂದ ಬೆರಕೆ ಎದ್ದು ಬಂತು. ಒಂದಲ್ಲ, ಎರಡಲ್ಲ. ಗದ್ದೆಯ ಹೆಚ್ಚಿನ ಪೈರು ಮುತ್ತುಸಣ್ಣದ ಹಾಗೆ ತಿಳಿಹಸಿರು, ಬಾಗಿದ ಎಲೆ. ನಡುನಡುವೆ ಕಡುಹಸಿರಿನ, ಎಲೆ ನಿಮಿರಿಸಿ ನಿಂತ ಕೆಂದೊಡ್ಡಿ. ನಾಲ್ಕಕ್ಕೊಂದರಂತೆ. ಅಷ್ಟು ಬೆರಕೆಯನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಪಾಪ, ಈ ಸಾಧು ಮನುಷ್ಯನಿಗೆ ಯಾರೋ ಬೀಜದಲ್ಲಿ ಮೋಸ ಮಾಡಿದ್ದಾರೆ ಎಂದುಕೊಂಡಳು.

ಅವಳು ಸೀರೆ ಎತ್ತಿ ಕಟ್ಟಿ ಇಳಿದಳು. ಯಾರೂ ಕರೆದಿರಲಿಲ್ಲ, ಕೂಲಿಯೂ ಇರಲಿಲ್ಲ. ಮೂರು ಬೆಳಿಗ್ಗೆ ಮಂಜಿನಲ್ಲಿ ಒಬ್ಬಳೇ ಆ ಗದ್ದೆಯಲ್ಲಿ ನಡೆದಾಡಿದಳು. "ಆ ಮೂರು ದಿನ ನಾನು ನಿದ್ದೇಲಿ ಇದ್ದಂಗಿದ್ದೆ ಕಣೆ," ಎಂದು ಮುದುಕಿಯಾದ ಮೇಲೆ ನನಗೆ ಹೇಳುತ್ತಿದ್ದಳು. "ಕೈ ತಾನಾಗೇ ಹೋಗ್ತಿತ್ತು, ಬುಡ ತಾನಾಗೇ ಕೈಗೆ ಬರ್ತಿತ್ತು. ಒಂದು ಎಲೆಯೂ ಮುರೀಲಿಲ್ಲ. ಅಂಥಾ ಕೆಲಸ ನಾನು ಅದಕ್ಕೆ ಮುಂಚೆ ಮಾಡಿರ್ಲಿಲ್ಲ, ಆಮೇಲೂ ಮಾಡ್ಲಿಲ್ಲ." ಕಿತ್ತದ್ದನ್ನು ಎಣಿಸಿ, ವೆಂಕಟರಾಯಪ್ಪನವರ ದನಕ್ಕಾಗಲಿ ಎಂದು ಬೇರಿನ ಕೆಸರು ಸಮೇತ ಬದುವಿನ ಮೇಲೆ ರಾಶಿ ಹಾಕಿದಳು. ತೊಂಬತ್ತೇಳು.

ಜ್ವರ ಬಿಟ್ಟು ಮೇಷ್ಟ್ರು ಬಂದ ದಿನ ಅತ್ತೆ ಅವರಿಗಾಗಿಯೇ ಕಾದಿದ್ದಳು. ಅವರು ಬದುವಿನ ಮೇಲೆ ನಿಂತು ಗದ್ದೆ ನೋಡಿದರು. ಸಾಲಿನ ನಡುವೆ ಅಲ್ಲಲ್ಲಿ ಬಿದ್ದುಹೋದ ಹಲ್ಲಿನ ಹಾಗೆ ಸಂದು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಯಾರು ಕಿತ್ತೋರು?"

"ನಾನೇ ಸ್ವಾಮಿ," ಅಂದಳು ಅತ್ತೆ. "ನಿಮಗೆ ಬೀಜ ಕೊಟ್ಟೋನು ಯಾರೋ ಸರಿಯಾಗಿ ಟೋಪಿ ಹಾಕಿದ್ದ. ತೊಂಬತ್ತೇಳು ಬೆರಕೆ ಇದ್ವು. ಒಂದೂ ಬಿಟ್ಟಿಲ್ಲ."

ಮೇಷ್ಟ್ರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಅತ್ತೆ ಹೇಳುತ್ತಿದ್ದಳು. ಅವರು ಒದ್ದೆ ಬದುವಿನ ಮೇಲೆ ಹಾಗೇ ಕುಳಿತುಬಿಟ್ಟರು, ಪಂಚೆ ಕೆಸರಾಗುವುದನ್ನೂ ನೋಡಲಿಲ್ಲ.

"ಅಮ್ಮಯಮ್ಮನೋರೇ, ನಾನು ಈ ಊರಿಗೆ ಬಂದಿದ್ದೇ ಆ ಬೆರಕೆಗೋಸ್ಕರ," ಅಂದರು.

ಆಮೇಲೆ ಮೆಲ್ಲಗೆ ಎಲ್ಲ ಹೇಳಿದರು. ಎರಡು ವರ್ಷದ ಹಿಂದೆ ಅವರು ಫಾರಮ್ಮಿನಲ್ಲಿ ಮುತ್ತುಸಣ್ಣಕ್ಕೂ ಕೆಂದೊಡ್ಡಿಗೂ ಮದುವೆ ಮಾಡಿಸಿದ್ದರು, ಒಂದರ ಹೂವಿನ ಧೂಳನ್ನು ಇನ್ನೊಂದರ ಹೂವಿಗೆ ಕೈಯಿಂದ ಮುಟ್ಟಿಸಿ. ಹುಟ್ಟಿದ ಮಕ್ಕಳೆಲ್ಲ ನೋಡಲು ಮುತ್ತುಸಣ್ಣದ ಹಾಗೆ. ಬೆಂಕಿ ರೋಗ ಬಂದಾಗ ಸುಟ್ಟದ್ದೂ ಮುತ್ತುಸಣ್ಣದ ಹಾಗೆಯೇ. ಮೇಲಿನ ಅಧಿಕಾರಿ ನಕ್ಕು, ನಿನ್ನ ಮದುವೆ ಕೆಟ್ಟಿತಲ್ಲಯ್ಯ ಅಂದರು. ಇವರು ಬಿಡಲಿಲ್ಲ. ಸುಟ್ಟ ಗಿಡಗಳಿಂದ ಒಂದು ಹಿಡಿ ಕಾಳು ಆರಿಸಿಕೊಂಡು, ಇದೊಂದು ಬೆಳೆ ನೋಡುತ್ತೇನೆ ಎಂದು ಬೇಡಿಕೊಂಡು ಬಂದಿದ್ದರು. ಬೇರೆ ಕಾಳು ಉಳಿದಿರಲಿಲ್ಲ. ಇನ್ನೊಂದು ಬೆಳೆಗೆ ಅಪ್ಪಣೆಯೂ ಇರಲಿಲ್ಲ.

"ರೋಗ ತಡೆಯೋ ಗುಣ ಮಕ್ಕಳಲ್ಲಿ ಸತ್ತಿರಲ್ಲ ಅಮ್ಮಾ, ನಿದ್ದೆ ಮಾಡ್ತಿರ್ತದೆ. ಮೊಮ್ಮಕ್ಕಳಲ್ಲಿ ನಾಲ್ಕಕ್ಕೊಂದರಲ್ಲಿ ಎಚ್ಚರ ಆಗ್ತದೆ. ಈ ಗದ್ದೆ ಮೊಮ್ಮಕ್ಕಳ ಗದ್ದೆ. ನೀವು ಕಿತ್ತಿದ್ದು ತಾತ ಕೆಂದೊಡ್ಡಿಯ ಮುಖ ಹೊತ್ತುಬಂದೋವು. ಆ ಗುಣ ಆ ಮುಖದ ಜೊತೇಲೇ ಬರ್ತದೆ."

ಅತ್ತೆ ತಿರುಗಿದವಳೇ ರಾಶಿ ಹಾಕಿದ್ದ ಜಾಗಕ್ಕೆ ಓಡಿದಳು. ಅಲ್ಲಿ ಒಣಗಿದ ಎರಡು ಎಲೆ ಬಿಟ್ಟು ಏನೂ ಇರಲಿಲ್ಲ. ದನ ತಿಂದು ಎಂಟು ಹತ್ತು ದಿನವಾಗಿರಬೇಕು ಎಂದು ವೆಂಕಟರಾಯಪ್ಪನವರು ಹೇಳಿದರು.

ಬಿಟ್ಟಿದ್ದ ಮುನ್ನೂರಮೂರು ಪೈರಿನ ಎಲೆಯ ಮೇಲೆ ಆಗಲೇ ಕಣ್ಣು ಬಿದ್ದಿತ್ತು. ಅತ್ತೆ ದಿನಾ ಹೋಗಿ ನೋಡಿದಳು. ತಾನು ಆರಿಸಿ ಉಳಿಸಿದ್ದು, ತನ್ನ ಕಣ್ಣು ಸರಿ ಎಂದಿದ್ದು, ಅದರಲ್ಲಿ ನಾಲ್ಕಾದರೂ ನಿಲ್ಲಲಿ ಎಂದು ಕೆರೆಯ ದೇವತೆಗೆ ಕೈ ಮುಗಿದಳು. ಹತ್ತು ದಿನದಲ್ಲಿ ಗದ್ದೆ ಕಂದಾಯಿತು. ಉಳಿದದ್ದು ಎರಡೇ ಎರಡು. ಆ ಎರಡನ್ನೂ ಗದ್ದೆ ಇಲಿ ಬುಡಕ್ಕೇ ಕತ್ತರಿಸಿತು. ಆದಿನಾರಾಯಣಪ್ಪನವರು ಸೈಕಲ್ಲಿಗೆ ಹಾಸಿಗೆ ಕಟ್ಟಿ, ಫಾರಮ್ಮಿಗೆ ಹೋಗಿ ಆಗಲಿಲ್ಲವೆಂದು ಬರೆದುಕೊಡುತ್ತೇನೆ ಎಂದರು. ಒಂದು ದಿನ ನಿಲ್ಲಿ ಎಂದು ಅತ್ತೆ ಕೇಳಿಕೊಂಡಳು. ಯಾಕೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಅವಳು ನೇರ ವೆಂಕಟರಾಯಪ್ಪನವರ ಕೊಟ್ಟಿಗೆಗೆ ಹೋದಳು. ಅಲ್ಲಿ ಸಗಣಿ ಬಾಚುವ ಮುನಿವೆಂಕಟಮ್ಮನನ್ನು, "ಆ ಪೈರನ್ನ ಯಾವ ದನ ತಿಂತು?" ಎಂದು ಕೇಳಿದಳು. ಯಾವ ದನ ಎಂದು ತಿಳಿದು ಏನು ಮಾಡಬೇಕಿತ್ತೋ, ಅದನ್ನೇ ಬೈಯಬೇಕಿತ್ತೋ.

"ಯಾವ ಪೈರು? ಬೆಂಕಿ ಗದ್ದೆ ಬದೀಲಿ ಬಿದ್ದಿದ್ದಾ?" ಅಂದಳು ಮುನಿವೆಂಕಟಮ್ಮ. "ಅದು ಇಲ್ಲಿಗೆಲ್ಲಿ ಬಂತು. ನಾನು ಹೋಗೋಷ್ಟ್ರಲ್ಲಿ ನಿನ್ ತಮ್ಮನ ಹೆಂಡ್ತಿ ಪುಟ್ಟಿ ತುಂಬಾ ಹೊತ್ಕೊಂಡು ಹೋಗ್ತಿದ್ಲು."

ಅತ್ತೆ ಕೆರೆ ಏರಿಯ ಮೇಲೆ ಬರುತ್ತಿದ್ದದ್ದು ನನಗೆ ನೆನಪಿದೆ. ಇದು ಯಾರೂ ಹೇಳಿದ್ದಲ್ಲ, ನನ್ನದೇ. ಬೆಳಗಿನ ಮಂಜು ಆಗ ತಾನೆ ಕೆರೆಯ ನೀರಿನಿಂದ ಏಳುತ್ತಿತ್ತು. ಒಬ್ಬ ಎತ್ತರದ ಹೆಂಗಸು ಕಾಲಿಲ್ಲದೆ ತೇಲಿ ಬರುತ್ತಿದ್ದಳು. ನಾನು ಓಡಿಹೋಗಿ ಅಮ್ಮನ ಸೆರಗು ಹಿಡಿದೆ.

ಅವಳು ಬಾಗಿಲ ಎದುರು ಬಂದು ನಿಂತಳು. ನಮ್ಮ ಮನೆಯ ಎರಡೂ ಪಕ್ಕ ಗೋಡೆಗೆ ಗೋಡೆ ತಾಗಿಸಿ ಬೇರೆ ಮನೆಗಳು. ಹಿತ್ತಲಿಗೆ ಹೋಗಬೇಕಾದರೆ ಮನೆಯೊಳಗೇ ಹಾದು ಹೋಗಬೇಕು, ಬೇರೆ ದಾರಿ ಇಲ್ಲ. ಅಪ್ಪ ಹೊಲಕ್ಕೆ ಹೋಗಿದ್ದ. ಅಮ್ಮ ಬಾಗಿಲಲ್ಲಿ, ಅತ್ತೆ ಬೀದಿಯಲ್ಲಿ.

"ಬದೀಲಿದ್ದ ಪೈರು ತಂದ್ಯಂತೆ," ಅಂದಳು ಅತ್ತೆ. ಹೆಸರಿಲ್ಲ, ಏನಿಲ್ಲ.

ಅಮ್ಮ ನನ್ನನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡಳು. ಕದ್ದಳು ಎನ್ನಲು ಬಂದಿದ್ದಾಳೆ ಅಂದುಕೊಂಡಳು. "ತಪ್ಪಾಯ್ತು ವದಿನಾ. ಹೊಡೆ ಕಟ್ಟಿದ ಪೈರು ಬಸುರಿ ಅಲ್ವಾ. ನಮ್ಮ ಕಡೆ ಅದನ್ನ ದನಕ್ಕೆ ಹಾಕಲ್ಲ. ಕಿತ್ತರೆ ಇನ್ನೊಂದು ಕಡೆ ಒಂದು ನೆಲೆ ಕೊಡಬೇಕು. ನೋಡೋಕೆ ಆಗ್ಲಿಲ್ಲ, ತಂದುಬಿಟ್ಟೆ."

"ಏನ್ ಮಾಡ್ದೆ?"

"ಹಿತ್ತಲ ಜೌಗಲ್ಲಿ ಊರಿದೀನಿ. ಕೋಡಿ ನೀರು ಜಿನುಗ್ತದಲ್ಲ, ಅಲ್ಲಿ."

ಅತ್ತೆ ಹೊಸ್ತಿಲು ನೋಡಿದಳು. ಏಳು ವರ್ಷ ನೋಡದೆ ಇದ್ದ ಹೊಸ್ತಿಲು. ಅಮ್ಮ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಕಟ್ಟೆಯ ಮೇಲಿಟ್ಟಳು. ಅತ್ತೆ ಕಾಲು ತೊಳೆದುಕೊಂಡಳು, ಬಹಳ ಹೊತ್ತು ತೊಳೆದಳು. ಆಮೇಲೆ ತಲೆ ಬಗ್ಗಿಸಿ ಒಳಗೆ ಬಂದಳು. ನಮ್ಮ ಬಾಗಿಲು ತಗ್ಗು, ಎಲ್ಲರೂ ತಲೆ ಬಗ್ಗಿಸಲೇಬೇಕು, ಆದರೂ ಅಮ್ಮ ಅದನ್ನು ಜೀವ ಇರುವವರೆಗೂ ಮರೆಯಲಿಲ್ಲ.

ಹಿತ್ತಲಲ್ಲಿ ಬಿಸಿಲು ಆಗ ತಾನೆ ಮಂಜಿನೊಳಗೆ ಇಳಿಯುತ್ತಿತ್ತು. ಬೆಂಕಿ ಗದ್ದೆಯ ಮೇಲೆ ಕೂರುವ ಮಂಜೇ ನಮ್ಮ ಹಿತ್ತಲ ಮೇಲೂ ಕೂರುವುದು. ಅಮ್ಮ ಜೌಗಿನ ಅಂಚಿಗೆ ಹಾಕಿದ್ದ ನಾಲ್ಕು ಬುಡ ಮುತ್ತುಸಣ್ಣ ಸುಟ್ಟು ಕರಿಕಾಗಿತ್ತು. ಅದರ ಪಕ್ಕದಲ್ಲೇ ಆ ಪೈರು ನಿಂತಿತ್ತು. ಕೆಲವು ಸತ್ತಿದ್ದವು. ಐವತ್ತೆಂಟು ಬದುಕಿದ್ದವು. ಅಮ್ಮನಿಗೆ ಸಾಲು ನಾಟಿ ಬರದು, ಸಿಕ್ಕ ಸಿಕ್ಕ ಕಡೆ ಊರಿದ್ದಳು. ಮೇಲ್ನೋಟಕ್ಕೆ ಎಲೆಯಲ್ಲಿ ಒಂದು ಮಚ್ಚೆ ಇಲ್ಲ. ತೆನೆ ಹೊರಗೆ ಬಂದಿತ್ತು, ಹೂ ಬಿಡುವ ಹೊತ್ತು. ಭತ್ತದ ಹೂವು ಹಗಲಿನಲ್ಲಿ ಒಂದೇ ಒಂದು ಗಂಟೆ ಬಿಚ್ಚುತ್ತದೆ, ಆಮೇಲೆ ಬಾಯಿ ಮುಚ್ಚಿಕೊಂಡರೆ ಮುಗಿಯಿತು. ಆ ಗಂಟೆ ಅದು. ಕಾಳು ಕಾಳೂ ಸಣ್ಣಗೆ ಬಾಯಿ ತೆರೆದು, ಬಿಳಿಯ ಎಳೆಗಳು ತೂಗುತ್ತಿದ್ದವು. ಗಾಳಿ ಇರಲಿಲ್ಲ. ಅತ್ತೆ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತಳು. ಮೊದಲ ಸಲ ಅವಳು ಕಣ್ಣು ಪೂರಾ ಬಿಟ್ಟು ಪೈರು ನೋಡಿದ್ದು ಅವತ್ತಂತೆ.

ನಾನು ಅಮ್ಮನ ಸೆರಗಿನಿಂದ ಹೊರಗೆ ಬಂದು ಈ ಅಳುವ ದೊಡ್ಡ ಹೆಂಗಸನ್ನು ಹತ್ತಿರದಿಂದ ನೋಡಲು ಹೋದೆ. ಅವಳು ತಲೆ ಎತ್ತಿದಳು. ನನ್ನ ಮುಖ ಅವಳ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು. ಅವಳು ನನ್ನ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿದಳು.

ನನ್ನದು ಬೆಕ್ಕಿನ ಕಣ್ಣು. ಬಿಸಿಲು ಬಿದ್ದರೆ ಜೇನುತುಪ್ಪದ ಬಣ್ಣ. ಊರಿನಲ್ಲಿ ಆಗ ಬೇರೆ ಯಾರಿಗೂ ಇರಲಿಲ್ಲ. ಅದಕ್ಕೆ ಮುಂಚೆ ಇದ್ದದ್ದು ಒಬ್ಬರಿಗೇ, ನಾನು ಹುಟ್ಟುವ ಮೊದಲೇ ತೀರಿಹೋದ ನನ್ನ ಅಜ್ಜಿಗೆ. ಅಂದರೆ ಅತ್ತೆಯ ತಾಯಿಗೆ.

"ನಮ್ಮವ್ವ," ಅಂದಳು ಅತ್ತೆ. ಅಷ್ಟೇ ಅಂದಳು.

ಸ್ವಲ್ಪ ಹೊತ್ತಿಗೆ ಅವಳೇ ಹೋಗಿ ಮೇಷ್ಟ್ರನ್ನು ಕರೆದುಕೊಂಡು ಬಂದಳು. ಮೇಷ್ಟ್ರು ಹಿತ್ತಲ ಕೆಸರಿನಲ್ಲಿ ಮಂಡಿಯೂರಿ ಒಂದೊಂದೇ ಎಲೆ ತಿರುಗಿಸಿ ನೋಡಿದರು. ಎರಡು ಬುಡದಲ್ಲಿ ಮಚ್ಚೆ ಸಿಕ್ಕಿತು, ಅಷ್ಟು ಇರುತ್ತದೆ ಎಂದರು. ಉಳಿದ ಐವತ್ತಾರರಲ್ಲಿ ಬೆಂಕಿ ಇಲ್ಲ. ಅವರು ಆ ಅಡ್ಡಾದಿಡ್ಡಿ ಪೈರಿನ ನಡುವೆ ಕುಳಿತು, ನಾಲ್ಕಕ್ಕೊಂದು, ನಾಲ್ಕಕ್ಕೊಂದು ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. ಅಮ್ಮನಿಗೆ ಎರಡು ಕೈ ಎತ್ತಿ ನಮಸ್ಕಾರ ಮಾಡಿದರು. ಅಮ್ಮ ನಾಚಿಕೊಂಡು ಬಾಗಿಲ ಹಿಂದೆ ಹೋದಳು.

ಅತ್ತೆಗೆ ಈಗ ಬಾಯಿ ಬಂದಿತ್ತು. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನೋಡಿ ಸ್ವಾಮಿ, ನೀವು ಹೇಳಿದ್ದೇ ಆಯ್ತು. ನಮ್ಮ ತಮ್ಮನ ಕಣ್ಣು ಎಲ್ಲರ ಹಂಗೆ ಕಪ್ಪು. ಅವನ ಮಗಳಿಗೆ ನಮ್ಮವ್ವನ ಕಣ್ಣು. ನಮ್ಮ ರಕ್ತ ಎಲ್ಲಿ ಹೋಗ್ತದೆ? ಏನೇ ಬೆರಸಿದ್ರೂ ನಮ್ಮದು ನಮ್ಮದೇ," ಅಂದಳು.

ಬಾಗಿಲ ಹಿಂದೆ ಅಮ್ಮ ಇದನ್ನು ಕೇಳಿಸಿಕೊಂಡಳು. ಏಳು ವರ್ಷದ ಮೇಲೆ ಮನೆಗೆ ಬಂದವಳು ಮಗಳನ್ನು ತನ್ನದು ಮಾಡಿಕೊಂಡು ತಾಯಿಯನ್ನು ಹೊರಗೇ ಬಿಟ್ಟಳಲ್ಲ ಎಂದು ಅವಳಿಗೆ ಸಿಟ್ಟು ಬಂತಂತೆ.

ಮೇಷ್ಟ್ರಿಗೆ ಮನೆಯ ಜಗಳ ಏನೂ ಗೊತ್ತಿರಲಿಲ್ಲ. ಪಾಠ ಹೇಳುವ ಚಟ ಮಾತ್ರ ಇತ್ತು. ಎಲೆ ನೋಡುತ್ತಲೇ, "ಹಾಗಲ್ಲ ಅಮ್ಮಯಮ್ಮನೋರೇ," ಅಂದರು. "ನಿದ್ದೆ ಮಾಡೋ ಗುಣ ಒಂದು ಕಡೆಯಿಂದ ಬಂದ್ರೆ ಏಳಲ್ಲ. ಅಪ್ಪನ ಕಡೆಯಿಂದಲೂ ಬರಬೇಕು, ಅಮ್ಮನ ಕಡೆಯಿಂದಲೂ ಬರಬೇಕು. ಎರಡೂ ಒಂದೇ ಕಾಳಲ್ಲಿ ಸೇರಿದರೇನೇ ಎಚ್ಚರ. ನಾನು ನೇಯೋರ ಮನೆಯವನು. ಹಾಸು ಒಂದೇ ಇದ್ರೆ ಸೀರೆ ಆಗ್ತದಾ? ಹೊಕ್ಕೂ ಬೇಕಲ್ಲ. ಈ ಕಣ್ಣಲ್ಲಿ ಅರ್ಧ ನಿಮ್ಮ ತಾಯಿದು. ಇನ್ನರ್ಧ ಈ ಮಗೂನ ತಾಯಿ ಕಡೆಯೋರು ಯಾರೋ ಇರ್ಬೇಕು."

ಹೂವಿನ ಗಂಟೆ ಮುಗಿದಿತ್ತು; ಕಾಳುಗಳು ಬಾಯಿ ಮುಚ್ಚಿಕೊಂಡಿದ್ದವು.

"ನಮ್ಮ ತಾತನಿಗೆ," ಅಂದಳು ಅಮ್ಮ, ಬಾಗಿಲ ಹಿಂದಿನಿಂದಲೇ. "ನಮ್ಮ ತಾತನಿಗೂ ಬೆಕ್ಕಿನ ಕಣ್ಣೇ ವದಿನಾ. ಯಾರೂ ಕೇಳ್ಲಿಲ್ಲ, ಅದಕ್ಕೆ ಹೇಳ್ಲಿಲ್ಲ."

ಅತ್ತೆ ನನ್ನ ಕಣ್ಣನ್ನು ಮತ್ತೆ ನೋಡಿದಳು. ಒಂದು ಕಣ್ಣು, ಇನ್ನೊಂದು ಕಣ್ಣು. ಯಾವುದರಲ್ಲಿ ಅವಳ ತಾಯಿ, ಯಾವುದರಲ್ಲಿ ಆ ಕಾಣದ ಊರಿನ ಮುದುಕ ಎಂದು ಹುಡುಕುತ್ತಿದ್ದಳೋ ಏನೋ. ಊರಿಗೆಲ್ಲ ಬೆರಕೆ ಬಿಡಿಸಿಕೊಟ್ಟ ಕಣ್ಣಿಗೆ ಅವತ್ತು ಅದನ್ನು ಬಿಡಿಸಲು ಆಗಲಿಲ್ಲ.

ಆ ಐವತ್ತಾರು ಬುಡದ ಕಾಳು ಮೇಷ್ಟ್ರ ಜೊತೆ ಫಾರಮ್ಮಿಗೆ ಹೋಯಿತು. ಮುಂದೆ ಪ್ರತಿ ಕಾರ್ತಿಕದಲ್ಲಿ ಅವರು ಅತ್ತೆಗೆ ಹೇಳಿಕಳಿಸುತ್ತಿದ್ದರು. ಅವಳು ಹೋಗಿ ಅವರ ಗದ್ದೆಗಳಲ್ಲಿ ಕಣ್ಣು ಅರ್ಧ ಮುಚ್ಚಿ ನಿಂತು, ಕೀಳುವುದಕ್ಕಲ್ಲ, ಉಳಿಸುವುದಕ್ಕೆ ಪೈರು ತೋರಿಸಿ ಬರುತ್ತಿದ್ದಳು. ಬೆರಕೆ ಎಂಬ ಮಾತನ್ನು ಆಮೇಲೆ ಅವಳ ಬಾಯಲ್ಲಿ ನಾನು ಕೇಳಿದ್ದು ಪೈರಿನ ವಿಷಯಕ್ಕೆ ಮಾತ್ರ, ಅದೂ ಮುದ್ದಿನಿಂದ. ಆದರೆ ಅದೆಲ್ಲ ಆಮೇಲಿನದು.

ಅವತ್ತು ಮೇಷ್ಟ್ರು ಸೈಕಲ್ಲಿನಿಂದ ಹಾಸಿಗೆ ಬಿಚ್ಚಲು ಓಡಿದ ಮೇಲೆ ಮನೆಯಲ್ಲಿ ನಾವು ಮೂವರೇ ಉಳಿದೆವು. ಬಿಸಿಲು ಏರಿತ್ತು. ಅಮ್ಮ ಒಳಗೆ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ಅತ್ತೆ ಎದ್ದಳು. ಬಂದ ದಾರಿಯಲ್ಲೇ ಮನೆಯೊಳಗೆ ಹಾದು ಹೊರಗೆ ಹೋಗಬೇಕಿತ್ತು. ಅಡಿಗೆಮನೆ ದಾಟಿ, ಹೊಸ್ತಿಲವರೆಗೂ ಹೋದಳು. ಅಲ್ಲಿ ನಿಂತಳು. ತಿರುಗಿ ಬಂದು ಒಲೆಯ ಪಕ್ಕದ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಳು.

"ಪಿಳ್ಳಮ್ಮ," ಅಂದಳು. "ಒಂದು ತಟ್ಟೆ ಇದ್ರೆ ನಂಗೂ ಇಕ್ಕಮ್ಮ. ಹಸಿವಾಗ್ತದೆ."